ಸುಣ್ಣ ಬಳಿದ ಕಲ್ಲುಗಳು

"ಭತ್ತದ ಮ್ಯಾಲ ಹತ್ತಸ್ರಿ ಗಾಡಿ."

ಆಂಬುಲೆನ್ಸಿನ ಕಿಟಕಿಗೆ ಕೈಯೂರಿ ನಿಂತ ಮನುಷ್ಯ ಹೇಳಿದ ಮಾತು ಕೇಳಿ ನರ್ಸ್ ಕಲ್ಯಾಣಿ ದಂಗಾಗಿ ಹೋದಳು.

ಭತ್ತದ ಮೇಲೆ? ಗಾಡಿ? ಇವನಿಗೆ ತಲೆ ನೆಟ್ಟಗಿದೆಯಾ...

ದೇವದುರ್ಗದಿಂದ ರಾಯಚೂರಿಗೆ ಹೋಗುವ ರಸ್ತೆ ಅದು. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ರಸ್ತೆ ರಸ್ತೆಯಾಗಿ ಉಳಿಯುವುದಿಲ್ಲ ನೋಡಿ, ಕಣವಾಗಿಬಿಡುತ್ತದೆ. ಅರ್ಧ ಡಾಂಬರಿನ ಮೇಲೆ ಉದ್ದಕ್ಕೂ ಭತ್ತ ಹರವುತ್ತಾರೆ. ಗಾಡಿಗಳು ತುಳಿಯದಿರಲಿ ಎಂದು ಅಂಚಿಗೆ ಸಾಲಾಗಿ ಕಲ್ಲಿಡುತ್ತಾರೆ. ಉಳಿದರ್ಧದಲ್ಲಿ ಬಸ್ಸು, ಮೂರು ಗಾಲಿಯ ಟಂಟಂ, ಟ್ರ್ಯಾಕ್ಟರ್, ಕುರಿ ಹಿಂಡು ಎಲ್ಲವೂ ಮೈ ಹಿಂಡಿಕೊಂಡು ನುಸುಳಬೇಕು.

ಅವತ್ತು ಈ ಕಡೆಯಿಂದ ಹೊಟ್ಟೆ ಉಬ್ಬಿಸಿಕೊಂಡು ಬಂದ ಹತ್ತಿ ಟ್ರ್ಯಾಕ್ಟರ್ರೂ ಆ ಕಡೆಯಿಂದ ಬಂದ ಭತ್ತ ಕೊಯ್ಯುವ ಮಷಿನ್ನೂ ಮೂತಿಗೆ ಮೂತಿ ಕೊಟ್ಟು ನಿಂತುಬಿಟ್ಟಿದ್ದವು. ಹಿಂದೆ ಸರಿಯೋಣವೆಂದರೆ ಎರಡರ ಬೆನ್ನಿಗೂ ಗಾಡಿಗಳ ಸಾಲು. ಹಾರ್ನು ಹೊಡೆಯುವವರು ಹೊಡೆಯುತ್ತಿದ್ದರು, ಬೀಡಿ ಹಚ್ಚುವವರು ಹಚ್ಚುತ್ತಿದ್ದರು.

ಆಂಬುಲೆನ್ಸಿನೊಳಗೆ ಹೀರಾಬಿ ಮಲಗಿದ್ದಳು. ಚೊಚ್ಚಲ ಹೆರಿಗೆ. ನೋವಿಗೆ ತುಟಿ ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದಳು. ಮಗುವಿನ ಎದೆಬಡಿತ ಇಳಿಯುತ್ತಿರುವುದು ಕಲ್ಯಾಣಿಯ ಕಿವಿಗೆ ಕೇಳುತ್ತಿತ್ತು.

"ವಿನೋದಣ್ಣ, ಹತ್ತಸು," ಎಂದಳು. ತನ್ನ ದನಿ ತನಗೇ ಗುರುತು ಸಿಗಲಿಲ್ಲ.

ಡ್ರೈವರ್ ವಿನೋದ ಸ್ಟೀರಿಂಗ್ ಹಿಡಿದು ಹಾಗೆಯೇ ಕೂತಿದ್ದ. "ಅನ್ನದ ಮ್ಯಾಲ ಹೆಂಗ ಹತ್ತಸ್ಲಿ ಸಿಸ್ಟರ್? ಕಾಲಿಗಿ ಒಂದು ಕಾಳು ಸಿಕ್ರ ನಮ್ಮವ್ವ ಎತ್ತಿ ಕಣ್ಣಿಗಿ ಒತ್ಕೊಂತಿದ್ಲು."

"ನಂದೇ ಭತ್ತ," ಎಂದ ಹೊರಗೆ ನಿಂತವನು. "ಪಾಪ ಬಂದ್ರ ನಂಗ ಬರ್ಲಿ. ನೀವು ನಡೀರಿ."

ಮಾತು ಮುಗಿಸಿ ಅವನು ಓಡಿದ. ಅಂಚಿನ ಕಲ್ಲುಗಳನ್ನು ಎತ್ತಿ ಎತ್ತಿ ರಸ್ತೆ ಪಕ್ಕದ ತಗ್ಗಿಗೆ ಎಸೆಯತೊಡಗಿದ. ಗಾಡಿ ಹತ್ತಲು ಬೇಕಾದಷ್ಟನ್ನು ತೆಗೆದು ಸುಮ್ಮನಾಗಲಿಲ್ಲ ಅವನು. ಸಾಲಿನ ಕೊನೆಯ ತನಕ, ಒಂದೂ ಬಿಡದೆ, ಯಾರೋ ಅಟ್ಟಿಸಿಕೊಂಡು ಬಂದವರ ಹಾಗೆ ಎಸೆದ.

ಇನ್ನೊಂದನ್ನೂ ಕಲ್ಯಾಣಿ ನೋಡಿದಳು. ಭತ್ತದ ಮೇಲೆ ಕಾಲಿಡುವ ಮುಂಚೆ ಅವನು ತನ್ನ ಚಪ್ಪಲಿ ಬಿಚ್ಚಿಟ್ಟಿದ್ದ. ಲಟಲಟ ಸದ್ದು ಮಾಡುತ್ತ ಆಂಬುಲೆನ್ಸ್ ಕಾಳಿನ ಮೇಲೆ ಸಾಗಿತು. ಬರಿಗಾಲಲ್ಲಿ ನಿಂತು ಅವನು ಕೆಂಪು ಟವೆಲ್ ಬೀಸಿ ಎದುರಿನ ಗಾಡಿಗಳನ್ನು ತಡೆಯುತ್ತಿದ್ದ.

ಹೆಸರೂ ಕೇಳಲಿಲ್ಲವಲ್ಲ ಎಂದು ಅವಳಿಗೆ ನೆನಪಾದದ್ದು ಕಲ್ಮಲ ದಾಟಿದ ಮೇಲೆ.

ರಾಯಚೂರಿನ ದೊಡ್ಡಾಸ್ಪತ್ರೆಯಲ್ಲಿ ಹೀರಾಬಿಗೆ ಹೆಣ್ಣು ಮಗು ಹುಟ್ಟಿತು. ತಾಯಿ, ಮಗು ಇಬ್ಬರೂ ಉಳಿದರು.

*

ಮರುದಿನ ಅವನು ಆಸ್ಪತ್ರೆಯ ಗೇಟಿನ ಬಳಿ ನಿಂತಿದ್ದ. ಅದೇ ಕೆಂಪು ಟವೆಲ್ ಹೆಗಲ ಮೇಲೆ.

"ಕೂಸು ಆರಾಮ ಅದೇನ್ರಿ?"

"ಆರಾಮ ಅದ. ಗಟ್ಟಿ ಅಳಾಕತ್ತದ." ಕಲ್ಯಾಣಿಗೆ ನಗು ಬಂತು. "ನಿಮ್ಮ ಭತ್ತ ಹಾಳಾತಲ್ರಿ, ನಂಗ ಬ್ಯಾಸರ ಆಗ್ಯಾದ."

ಅವನು ತಲೆ ಕೆರೆದುಕೊಂಡ. "ನನ್ನ ಭತ್ತ ಅಲ್ರಿ ಅದು."

"ಏನಂದ್ರಿ?"

"ನಾ ಆ ಮಷಿನ್ ಡ್ರೈವರ್ರಿ. ಅಯ್ಯಪ್ಪ ಅಂತ. ಭತ್ತ ಮಹಬೂಬೀ ಅಂತ ಒಬ್ಬಾಕಿ ಮುದುಕಿದು. ಅಕಿ ಊಟಕ್ಕ ಹೋಗಿದ್ಲು. ನಂದಲ್ಲ ಅಂದಿದ್ರ ನಿಮ್ಮ ಡ್ರೈವರ್ ಹತ್ತಸ್ತಿದ್ದಿಲ್ಲ."

"ಆಮ್ಯಾಲ ಅಕಿ ಏನಂದ್ಲು?"

"ಏನಂತಾಳ್ರಿ, ಬಾಯಿಗಿ ಬಂದಂಗ ಬೈದ್ಲು. ಕೂಸಿನ ಸುದ್ದಿ ಹೇಳಿದ ಮ್ಯಾಲ ಅತ್ಲು. ಮತ್ತ ಬೈದ್ಲು. ಸಂಜಿ ತನಕ ಇಬ್ರೂ ಕೂತು ಕಾಳಿನಾಗಿನ ಹರಳು ಆರಿಸಿದ್ವಿ."

ಎಂಥ ಮನುಷ್ಯನಪ್ಪಾ ಇವನು... ಎಂದು ಅವಳ ಮನಸ್ಸು ಅಂದುಕೊಂಡಿತು. ಯಾರದೋ ತಪ್ಪನ್ನು ತಂದು ತನ್ನ ತಲೆಯ ಮೇಲೆ ಹೊತ್ತುಕೊಂಡು, ಏನೂ ಆಗದವನಂತೆ ಹಲ್ಲು ಬಿಟ್ಟುಕೊಂಡು ನಿಂತಿದ್ದಾನೆ.

ಅವತ್ತು ಇಬ್ಬರೂ ನಂಬರ್ ಕೊಟ್ಟುಕೊಂಡರು. ರಸ್ತೆಯ ಸುದ್ದಿಗಾಗಿ ಮಾತ್ರ. ಹಾಗೆಂದು ಇಬ್ಬರೂ ಹೇಳಿದರು, ಇಬ್ಬರೂ ನಂಬಲಿಲ್ಲ.

ಸುಗ್ಗಿ ಮುಗಿಯುವ ತನಕ ಅಯ್ಯಪ್ಪನ ಬದುಕು ಮಷಿನ್ನಿನ ಮೇಲೆಯೇ. ಇವತ್ತು ಗಬ್ಬೂರು, ನಾಳೆ ಸಿರವಾರ, ನಾಡಿದ್ದು ಮಾನ್ವಿ. ಹೋದಲ್ಲೆಲ್ಲ ಯಾವ ರಸ್ತೆ ಯಾವಾಗ ಕಟ್ಟುತ್ತದೆ ಎಂಬುದು ಅವನ ಕಣ್ಣೆದುರೇ ಇರುತ್ತಿತ್ತು. ಮುಂಜಾನೆ ಅವಳ ಫೋನು ಸದ್ದು ಮಾಡುತ್ತಿತ್ತು.

"ಸಿಸ್ಟರ್, ಮೆಣಸಿನಕಾಯಿ ಬಿಡಿಸಾಕ ಹೋಗೋ ಹೆಣ್ಮಕ್ಕಳ ಟಂಟಂ ಎಲ್ಲಾ ಮಾನ್ವಿ ಕಡಿ ಹೊಂಟಾವ. ಸ್ವಲ್ಪ ತಡದು ಬರ್ರಿ."

"ಸಿಸ್ಟರ್, ಸಿರವಾರ ಸರ್ಕಲ್ದಾಗ ಹತ್ತಿ ಗಾಡಿ ಸಾಲು ಹತ್ಯಾದ. ಕಾಲುವಿ ದಾರಿ ಹಿಡೀರಿ."

"ಸಿಸ್ಟರ್, ಇವತ್ತ ದೇವದುರ್ಗದ ಸಂತಿ. ಊರು ದಾಟೂದ್ರಾಗ ಸಾಕಾಗ್ತದ."

ಹೇಳುವಷ್ಟು ಹೇಳಿ "ಇಡ್ತೀನ್ರಿ" ಎಂದು ಇಟ್ಟುಬಿಡುತ್ತಿದ್ದ. ಇನ್ನೊಂದು ಮಾತಿಗೆ ಇವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಯಾರೂ ಇರುತ್ತಿರಲಿಲ್ಲ. ಇವನೆಂಥ ಗಡಿಬಿಡಿ ಮನುಷ್ಯ ಎಂದು ಅವಳಿಗೆ ಸಿಟ್ಟು ಬರುತ್ತಿತ್ತು. ಮರುದಿನ ಮುಂಜಾನೆ ಫೋನು ಬರುವುದು ಸ್ವಲ್ಪ ತಡವಾದರೆ ಅದಕ್ಕೂ ಸಿಟ್ಟು.

"ನಿಮ್ಮೂರು ಯಾವುದ್ರಿ?" ಎಂದು ಒಮ್ಮೆ ಪಟ್ಟು ಹಿಡಿದು ಕೇಳಿದಳು.

"ರೋಡೇ ನಮ್ಮೂರ್ರಿ," ಎಂದು ನಕ್ಕು ಇಟ್ಟುಬಿಟ್ಟ.

ಡ್ರೈವರ್ ವಿನೋದ ಕನ್ನಡಿಯಲ್ಲಿ ಅವಳ ಮುಖ ನೋಡಿ ಒಂದು ದಿನ ಸುಮ್ಮನಿರಲಾರದೆ ಕೇಳಿದ. "ಏನ್ ಸಿಸ್ಟರ್, ಇವತ್ತ ಜಾಮಿನಾಗ ಸಿಕ್ರೂ ಮಾರಿ ಮ್ಯಾಲ ನಗಿ ಅದಲ್ಲ?"

"ಮುಂದ ನೋಡ್ಕೊಂಡು ಗಾಡಿ ಹೊಡಿ ಅಣ್ಣ," ಎಂದಳು. ನಗು ಮಾತ್ರ ಹೋಗಲಿಲ್ಲ.

*

ಆದರೆ ಮಾನ್ವಿ ರಸ್ತೆಯ ಕಾಲುವೆ ಸೇತುವೆ ಬಂದಾಗ ಆ ನಗು ಹೋಗುತ್ತಿತ್ತು. ಅಲ್ಲಿ ಅವಳು ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಅವಳ ತಮ್ಮ ಆನಂದ ಆ ಸೇತುವೆಯ ಹತ್ತಿರ ಬೈಕಿನಿಂದ ಬಿದ್ದು ಸತ್ತಿದ್ದ. ಭತ್ತ ಬಾಚಿಕೊಂಡು ಹೋದವರು ಅಂಚಿನ ಕಲ್ಲುಗಳನ್ನು ರಸ್ತೆಯ ಮೇಲೆಯೇ ಬಿಟ್ಟಿದ್ದರು. ಮಳೆ ಮುಸುಕಿದ ಸಂಜೆ, ಕಲ್ಲು ಕಂಡಿರಲಿಲ್ಲ. ಅಪ್ಪ ಇಲ್ಲದ ಮನೆಗೆ ಅವನೊಬ್ಬನೇ ಗಂಡುದಿಕ್ಕು. ಕಲ್ಯಾಣಿ ಆಗ ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಳು. ಸಿರವಾರದ ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಭತ್ತ ಹನುಮಂತ್ರಾಯ ಎಂಬವರದು. ಸೇತುವೆ ಪಕ್ಕದ ಹೊಲ, ಹೊಲದಲ್ಲೇ ಮನೆ. ಆನಂದನನ್ನು ಮಣ್ಣು ಮಾಡಿದ ದಿನ ಆ ಹಿರಿಯ ಬಂದು, "ನಮ್ಮ ಭತ್ತ, ನಮ್ಮ ಕಲ್ಲು, ನಮ್ಮ ತಪ್ಪು" ಎಂದು ಅವ್ವ ವೆಂಕಮ್ಮನ ಮುಂದೆ ಕೈಮುಗಿದು ನಿಂತಿದ್ದರು. ಅವ್ವ ತಲೆ ಎತ್ತಿ ನೋಡಿರಲಿಲ್ಲ. ಕಲ್ಯಾಣಿ ಮಾತ್ರ ಎಲ್ಲರೆದುರು ಹೇಳಿದ್ದಳು, "ಸಾಯೂತನಕ ನಿಮ್ಮ ಮನಿ ಹೊಸ್ತಿಲ ತುಳಿಯಂಗಿಲ್ಲ, ನಿಮ್ಮ ಮನಿ ನೀರು ಮುಟ್ಟಂಗಿಲ್ಲ."

ಈ ಸಂಗತಿಯನ್ನು ಅವಳು ಅಯ್ಯಪ್ಪನಿಗೆ ಫೋನಿನಲ್ಲಿ ಹೇಳಿದಳು. ಅಷ್ಟು ಹತ್ತಿರದವನಾಗಿದ್ದ, ಹೇಳದೆ ಇರಲಾಗಲಿಲ್ಲ. ಹನುಮಂತ್ರಾಯ ಎಂಬ ಹೆಸರು ಬಂದದ್ದೇ ಆ ಕಡೆ ಮಾತು ನಿಂತಿತು.

"ಹಲೋ... ಕೇಳಾಕತ್ತೀರೇನ್ರಿ?"

"ನಿಮ್ಮವ್ವನ ಹೆಸರು ವೆಂಕಮ್ಮ ಏನ್ರಿ?"

"ಹೌದು. ನಿಮಗ ಹೆಂಗ ಗೊತ್ತು?"

ಫೋನು ಇಟ್ಟ ಸದ್ದಾಯಿತು. ಆಮೇಲೆ ಮುಂಜಾನೆಗಳಲ್ಲಿ ಫೋನು ಬರಲಿಲ್ಲ. ಇವಳು ಮಾಡಿದರೆ ಎತ್ತಲಿಲ್ಲ.

ಎದುರು ಸಿಕ್ಕಿದ್ದು ಸಿರವಾರ ಸರ್ಕಲ್ಲಿನ ಜಾಮಿನಲ್ಲಿ. ನಾಲ್ಕೂ ಕಡೆಯಿಂದ ಬಂದ ಹತ್ತಿ, ಭತ್ತ, ಬಸ್ಸು, ಟಂಟಂ ಎಲ್ಲ ಗಂಟು ಬಿದ್ದು ನಿಂತಿದ್ದವು. ಕಲ್ಯಾಣಿಯ ಆಂಬುಲೆನ್ಸ್ ಖಾಲಿಯಾಗಿ ವಾಪಸಾಗುತ್ತಿತ್ತು. ಪಕ್ಕಕ್ಕೆ ತಿರುಗಿ ನೋಡಿದರೆ ಭತ್ತ ಕೊಯ್ಯುವ ಮಷಿನ್! ಮೇಲೆ ಅಯ್ಯಪ್ಪ. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ, ಇಬ್ಬರಿಗೂ ಓಡಿಹೋಗಲು ಜಾಗವಿಲ್ಲ.

ಸಿಕ್ಕಿಬಿದ್ದೆ ಮಗನೇ ಎಂದುಕೊಂಡಳು ಕಲ್ಯಾಣಿ.

"ಯಾಕ್ರಿ, ಫೋನ್ ಕೆಟ್ಟದೇನು?"

ಅವನು ಕೆಳಗೆ ನೋಡಿದ. ಮುಖ ಬಾಡಿತ್ತು. "ಇಲ್ರಿ."

"ಮತ್ತ? ನಾ ಏನರ ತಪ್ಪು ಮಾಡೀನೇನು? ಜಾತಿ ಬ್ಯಾರೆ ಅಂತ ಮನ್ಯಾಗ ಏನರ ಅಂದ್ರೇನು? ಹಂಗಿದ್ರ ಬಾಯಿಬಿಟ್ಟು ಹೇಳ್ರಿ. ನಾ ಅದಕ್ಕೆಲ್ಲಾ ತಯಾರಿದ್ದೀನಿ." ವಿನೋದ ಪಕ್ಕದಲ್ಲಿದ್ದಾನೆ ಎಂಬುದನ್ನೂ ಮರೆತು ಹೇಳಿಬಿಟ್ಟಳು. "ಬಂದು ನಮ್ಮವ್ವನ್ನ ಕೇಳ್ರಿ. ಅಕಿ ಇಲ್ಲ ಅನ್ನಂಗಿಲ್ಲ."

ಅಯ್ಯಪ್ಪ ಮಷಿನ್ ಆಫ್ ಮಾಡಿದ.

"ನಿಮ್ಮವ್ವನ ಮುಂದ ನಾ ಹೆಂಗ ಬರ್ಲಿ ಕಲ್ಯಾಣಿ? ನಾ ಹನುಮಂತ್ರಾಯನ ಮಗ."

ಯಾರೋ ಕಪಾಳಕ್ಕೆ ಬಾರಿಸಿದಂತಾಯಿತು. ಅವಳ ಕಿವಿಯಲ್ಲಿ ಸರ್ಕಲ್ಲಿನ ಹಾರ್ನುಗಳೆಲ್ಲ ಒಮ್ಮೆಲೇ ನಿಂತುಹೋದವು.

"ಯಾವ ಹನುಮಂತ್ರಾಯ?"

"ಮಾನ್ವಿ ರೋಡಿನ ಕಾಲುವಿ ಹತ್ರದವರು."

ಇಲ್ಲ... ಇದು ಸುಳ್ಳು. ಚಪ್ಪಲಿ ಬಿಚ್ಚಿಟ್ಟು ಭತ್ತದ ಮೇಲೆ ನಿಂತವನು ಆ ಮನೆಯವನಾಗಲು ಸಾಧ್ಯವಿಲ್ಲ. ಅಷ್ಟು ದಿನದ 'ರೀ' ಒಂದೇ ಏಟಿಗೆ ಬಿದ್ದುಹೋಯಿತು.

"ಆ ಕಲ್ಲು ಯಾರು ಬಿಟ್ರು? ನೀನಾ?"

ಅವನು ಸ್ಟೀರಿಂಗಿನಿಂದ ಕೈ ತೆಗೆದ. ಆಮೇಲೆ ಹೇಳಿದ, "ನಮ್ಮ ಭತ್ತ ಅದು. ಕಲ್ಲೂ ನಮ್ಮದೇ."

"ನೀನೇನು ಅಂತ ಕೇಳಿದೆ."

"ನಾನೇ ಅನ್ಕೋ."

ಅವಳು ಕಿಟಕಿಯ ಗಾಜು ಏರಿಸಿದಳು. ಹೋಗೋಣ ಅಣ್ಣಾ ಎಂದಳು. ಎಲ್ಲಿಗೆ ಹೋಗುವುದು? ಮುಂದೆ ಹತ್ತಿ ಗಾಡಿ, ಹಿಂದೆ ಬಸ್ಸು. ಜಾಮು ಬಿಡಲಿಲ್ಲ. ಗಾಜಿನ ಆ ಕಡೆ ಅವನು, ಈ ಕಡೆ ಇವಳು. ತಾನು ಅಳುವುದನ್ನು ಅವನು ನೋಡುತ್ತಿದ್ದಾನೆ ಎಂದು ಗೊತ್ತಿದ್ದರೂ ಮುಖ ತಿರುಗಿಸಲು ಜಾಗವಿರಲಿಲ್ಲ. ವಿನೋದ ತನ್ನ ಕರ್ಚೀಫು ತೆಗೆದು ಕೊಟ್ಟ.

*

ಕಲ್ಯಾಣಿ ಮನೆಯಲ್ಲಿ ಊಟ ಬಿಟ್ಟಳು. ಅವ್ವ ವೆಂಕಮ್ಮ ಒಂದೆರಡು ದಿನ ನೋಡಿದಳು, ಆಮೇಲೆ ಕೇಳಿದಳು.

"ಏನಾಗ್ಯಾದ ಹೇಳು. ಆ ಫೋನ್ ಮಾಡೋ ಹುಡುಗನ ಸಂಗಾಟ ಜಗಳ ಮಾಡ್ಕೊಂಡಿಯೇನು?"

"ಅವನ ಸುದ್ದಿ ತಗೀಬ್ಯಾಡ ಬೇ. ಅವ ಯಾರು ಗೊತ್ತೇನು? ಹನುಮಂತ್ರಾಯನ ಮಗ."

ರೊಟ್ಟಿ ಬಡಿಯುತ್ತಿದ್ದ ವೆಂಕಮ್ಮನ ಕೈ ನಿಂತಿತು.

"ನಮ್ಮ ಆನಂದನ್ನ ಕೊಂದ ಕಲ್ಲು ಅವನೇ ಬಿಟ್ಟಿದ್ನಂತ. ತನ್ನ ಬಾಯಿಲೇ ಹೇಳ್ದ."

"ಅವ ಹಂಗಂದ್ನಾ?"

"ಹ್ಞೂಂ. 'ನಮ್ಮ ಭತ್ತ, ಕಲ್ಲೂ ನಮ್ಮದೇ' ಅಂದ. ಅವರಪ್ಪ ಅಂದಂಗೇ ಅಂದ."

ಅವ್ವ ಬೈಯುತ್ತಾಳೆ, ಶಾಪ ಹಾಕುತ್ತಾಳೆ, ತನ್ನನ್ನು ಅಪ್ಪಿಕೊಂಡು ಅಳುತ್ತಾಳೆ ಎಂದು ಕಲ್ಯಾಣಿ ಕಾದಳು. ವೆಂಕಮ್ಮ ಏನೂ ಮಾಡಲಿಲ್ಲ. ಒಲೆಯ ಮೇಲಿನ ರೊಟ್ಟಿ ಕರಕಲಾಗಿ ಹೊಗೆಯೆದ್ದರೂ ತಿರುವಿ ಹಾಕಲಿಲ್ಲ.

"ಯವ್ವಾ, ರೊಟ್ಟಿ ಸುಡಾಕತ್ತದ."

ವೆಂಕಮ್ಮ ಮಗಳನ್ನು ಹೊಸಬಳನ್ನು ನೋಡುವಂತೆ ನೋಡಿದಳು. "ನೀ ಉಂಡು ಮಲಕ್ಕೋ," ಎಂದಷ್ಟೇ ಹೇಳಿದಳು.

ಬೆಳಿಗ್ಗೆ ಕಲ್ಯಾಣಿ ಏಳುವಷ್ಟರಲ್ಲಿ ಅವ್ವ ಮನೆಯಲ್ಲಿರಲಿಲ್ಲ. ಕೂಲಿಗೆ ಬೇಗ ಹೋಗಿರಬೇಕು ಎಂದುಕೊಂಡು ಡ್ಯೂಟಿಗೆ ಹೋದಳು.

ಮಾನ್ವಿಗೆ ಒಬ್ಬ ರೋಗಿಯನ್ನು ಬಿಟ್ಟು ಸಿರವಾರಕ್ಕೆ ವಾಪಸು ಬರುವಾಗ ಗಾಡಿ ನಿಂತಿತು. ಕಣ್ಣು ಹಾಯುವ ತನಕ ಗಾಡಿಗಳ ಸಾಲು. ಹತ್ತಿ ಟ್ರ್ಯಾಕ್ಟರು, ಶಾಲೆ ಬಸ್ಸು, ಹೆಣ್ಣಾಳುಗಳ ಟಂಟಂ, ನಡುವೆ ಎಲ್ಲಿಂದಲೋ ನುಗ್ಗಿದ ಕುರಿಗಳು.

"ಏನಾಗ್ಯಾದ್ರಿ ಮುಂದ?" ವಿನೋದ ಕೂಗಿ ಕೇಳಿದ.

ಟಂಟಂನಿಂದ ಒಬ್ಬಳು ಹೇಳಿದಳು, "ಕಾಲುವಿ ಹತ್ರ ಯಾವಾಕೋ ಮುದುಕಿ ರೋಡಿನ ನಡುಕ ಕುಂತಾಳಂತ. ಒಂದು ಗಾಡಿನೂ ಬಿಡವಲ್ಲಳು."

ಕಲ್ಯಾಣಿ ಬಾಗಿಲು ತೆರೆದಳು. ಯಾಕೆಂದು ಅವಳಿಗೇ ಗೊತ್ತಿಲ್ಲ. ಗಾಡಿಯಿಂದಿಳಿದು ಓಡಿದಳು. ಸೇತುವೆ ಬಂತು. ಯಾವಾಗಲೂ ಮುಚ್ಚಿಕೊಳ್ಳುತ್ತಿದ್ದ ಕಣ್ಣನ್ನು ಅವತ್ತು ಮುಚ್ಚಲಿಲ್ಲ.

ರಸ್ತೆಯ ನಟ್ಟನಡುವೆ ಅವ್ವ ಕೂತಿದ್ದಳು.

ಅವಳ ಸುತ್ತ ಕಲ್ಲುಗಳ ಸಾಲು. ಯಾರೋ ಭತ್ತ ಬಾಚಿಕೊಂಡು ಹೋಗಿದ್ದರು, ಕಲ್ಲು ಬಿಟ್ಟಿದ್ದರು. ಮತ್ತೆ, ಅದೇ ಜಾಗದಲ್ಲಿ. ವೆಂಕಮ್ಮ ಮೊಣಕಾಲ ಮೇಲೆ ತೆವಳುತ್ತ ಒಂದೊಂದೇ ಕಲ್ಲನ್ನು ಅಂಚಿಗೆ ದಬ್ಬುತ್ತಿದ್ದಳು. ಪಕ್ಕದ ಹೊಲದ ಮನೆಯಿಂದ ಬಂದ ಅಯ್ಯಪ್ಪ ಕೆಂಪು ಟವೆಲ್ ಹಿಡಿದು ಎರಡೂ ದಿಕ್ಕಿನ ಗಾಡಿಗಳನ್ನು ತಡೆದು ನಿಂತಿದ್ದ.

"ಯವ್ವಾ! ಏನು ಮಾಡಾಕತ್ತಿ? ಏಳು."

"ಏಳಂಗಿಲ್ಲ. ಈ ಕಲ್ಲು ತಗಿಯೂತನಕ ಒಂದು ಗಾಡಿನೂ ಬಿಡಂಗಿಲ್ಲ."

"ಯಾರೋ ಬಿಟ್ಟ ಕಲ್ಲು ನೀ ಯಾಕ ತಗೀತಿ?"

"ಅವತ್ತ ನಾ ಬಿಟ್ಟಿದ್ದೆನಲ್ಲ, ಅದಕ್ಕ."

ಕಲ್ಯಾಣಿಗೆ ಅರ್ಥವಾಗಲಿಲ್ಲ. ಅರ್ಥವಾದದ್ದನ್ನು ಮನಸ್ಸು ಒಳಗೆ ಬಿಟ್ಟುಕೊಳ್ಳಲಿಲ್ಲ.

"ಏನಂದಿ?"

ವೆಂಕಮ್ಮ ಕಲ್ಲಿನ ಮೇಲೆ ಕೈಯಿಟ್ಟುಕೊಂಡೇ ಮಾತಾಡಿದಳು. ಟ್ರ್ಯಾಕ್ಟರಿನವರು, ಬಸ್ಸಿನವರು ಇಳಿದು ಬಂದು ಸುತ್ತ ನಿಂತಿದ್ದರು. ಅವಳಿಗೆ ಅವರ ಪರಿವೆಯಿರಲಿಲ್ಲ.

"ಅವತ್ತ ಹನುಮಂತ್ರಾಯಪ್ಪನ ಭತ್ತ ಕಾಯಾಕ ಬಂದಾಕಿ ನಾನೇ. ನಿಂಗ ಮೆಣಸಿನಕಾಯಿ ಬಿಡಿಸಾಕ ಹೋಗಿದ್ದೆ ಅಂತ ಹೇಳೀನಿ, ಅದು ಸುಳ್ಳು. ಗಾಡಿಯವರಿಗಿ ಕಾಣ್ಲಿ ಅಂತ ಒಂದೊಂದು ಕಲ್ಲಿಗೂ ಸುಣ್ಣ ಬಳದಿದ್ದೆ. ಮೋಡ ಆತು. ಗಡಿಬಿಡೀಲೆ ಭತ್ತ ಬಾಚಿ ತಾಡಪತ್ರಿ ಹೊಚ್ಚಿದೆ. ಬೆಳ್ಳಗ ಕಾಣ್ತಾವ, ಮುಂಜಾನಿ ಬಂದು ತಗೀತೀನಿ ಅಂತ ಕಲ್ಲು ಅಲ್ಲೇ ಬಿಟ್ಟು ಟಂಟಂ ಹತ್ತಿದೆ."

ಅವಳು ಆ ಕಲ್ಲನ್ನು ಅಂಚಿಗೆ ದಬ್ಬಿದಳು.

"ಮಳಿ ಬಂದು ಸುಣ್ಣ ತೊಳಕೊಂಡು ಹೋತು. ನನ್ನ ಮಗ ನನ್ನ ಕರಕೊಂಡು ಹೋಗಾಕ ಬಂದಿದ್ದ ಕಲ್ಯಾಣಿ. ಅವ್ವ ಮಳಿಯಾಗ ನೆನೀತಾಳಂತ ಬಂದಿದ್ದ."

ಇಷ್ಟು ವರ್ಷ... ಇಷ್ಟು ವರ್ಷ ಅವ್ವ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ರೊಟ್ಟಿ ಬಡಿದಳಾ? ತಾನು ಆ ಮನೆಗೆ ಶಾಪ ಹಾಕುವಾಗೆಲ್ಲ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳಾ?

"ಆ ಹಿರಿಯಾ ಬಂದು ನಮ್ಮ ತಪ್ಪು ಅಂದಾಗ, ಅಲ್ಲಪ್ಪಾ ನಂದು ಅನ್ನಾಕ ಬಾಯಿ ಬರ್ಲಿಲ್ಲ," ಎಂದಳು ವೆಂಕಮ್ಮ. "ನೀನೂ ನನ್ನ ಬಿಟ್ಟು ಹೋಗ್ತಿ ಅಂತ ಅಂಜಿದೆ. ಇದು ಇವರಪ್ಪಗ ಬಿಟ್ರ ಯಾರಿಗೂ ಗೊತ್ತಿಲ್ಲ ಅನ್ಕೊಂಡಿದ್ದೆ. ನಿನ್ನಿ ಈ ಹುಡುಗ ನಂದೇ ಅಂದ್ನಂತ ಕೇಳಿ ಜೀವ ನಿಲ್ಲಲಿಲ್ಲ. ಇವರ ಮನಿಗಿ ಹೋಗಿ ಕಾಲು ಹಿಡೀಬೇಕಂತ ಹೊಂಟಿದ್ದೆ. ಇಲ್ಲಿ ಬಂದ್ರ ಮತ್ತ ಕಲ್ಲು..."

ಕಲ್ಯಾಣಿ ನಿಧಾನವಾಗಿ ತಲೆಯೆತ್ತಿ ಅಯ್ಯಪ್ಪನ ಕಡೆ ನೋಡಿದಳು. ಅವನ ಮುಖದಲ್ಲಿ ನೋವಿತ್ತು, ಆಶ್ಚರ್ಯವಿರಲಿಲ್ಲ.

'ನಂದೇ ಭತ್ತ' ಎಂದಿದ್ದನಲ್ಲ ಅವತ್ತು. ಮಹಬೂಬೀಯ ಭತ್ತವನ್ನು ತನ್ನದೆಂದವನು. ನನಗೆ ಯಾಕೆ ಹೊಳೆಯಲಿಲ್ಲ... ಸರ್ಕಲ್ಲಿನಲ್ಲಿ ಅವನು 'ನಾನೇ ಅನ್ಕೋ' ಎಂದಾಗ ಯಾಕೆ ಹೊಳೆಯಲಿಲ್ಲ?

"ನಿಮಗ ಗೊತ್ತಿತ್ತಾ?"

ಅವನು ಗಾಡಿಗಳ ಕಡೆ ತಿರುಗಿ ಟವೆಲ್ ಬೀಸಿದ.

"ಅಯ್ಯಪ್ಪ, ನಿಮ್ಮನ್ನೇ ಕೇಳಾಕತ್ತೀನಿ. ಗೊತ್ತಿತ್ತಾ?"

"ಮುಂಜಾನಿ ಈಯವ್ವ ಸುಣ್ಣ ಬಳಿಯೂದು ನೋಡಿದ್ದೆ," ಎಂದ ಮೆಲ್ಲಗೆ. "ಸಂಜಿಗಿ ಅವ ಬಿದ್ದಾಗ ಎಲ್ಲರಿಗಿಂತ ಮೊದಲು ಬಂದವ ನಾನೇ. ಕಲ್ಲಿನ ಸುತ್ತ ಬೆಳ್ಳನ್ನ ನೀರು ಹರದಿತ್ತು. ನಿನ್ನ ತಮ್ಮನ್ನ ಎತ್ತಿ ಟಂಟಂನಾಗ ಹಾಕ್ಕೊಂಡೆ. ಅವನ ತಲಿ ನನ್ನ ತೊಡಿ ಮ್ಯಾಲಿತ್ತು. ಎಚ್ಚರಿತ್ತು ಅವನಿಗಿ. 'ಅಣ್ಣಾ, ನಮ್ಮವ್ವ ಅಲ್ಲಿ ಭತ್ತ ಕಾಯಾಕತ್ತಾಳ, ಮಳಿಯಾಗ ನಿಂತಾಳ, ಕರಕೊಂಡು ಬರ್ರಿ' ಅಂದ."

ವೆಂಕಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು.

"ಸಿರವಾರ ಸರ್ಕಲ್ದಾಗ ಜಾಮ್ ಇತ್ತು. ಎಷ್ಟು ಕೂಗಿದ್ರೂ ಯಾರೂ ದಾರಿ ಬಿಡ್ಲಿಲ್ಲ. ಅಲ್ಲೇ..." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ವಾಪಸ್ ಬಂದು ಕಲ್ಲೆಲ್ಲಾ ತಗ್ಗಿಗಿ ಉಳ್ಳಿಸಿದೆ. ಸುಣ್ಣದ ಕಲ್ಲು ಯಾರದಂತ ಯಾರೂ ಕೇಳಬಾರದು ಅಂತ. ಅಪ್ಪಗ ಹೇಳಿದೆ. ಮಗನ್ನ ಕಳಕೊಂಡಾಕಿಗಿ ಇನ್ನೊಂದು ಹೊರಿ ಹೊರಸಬ್ಯಾಡ, ಭತ್ತ ನಮ್ಮದು, ತಪ್ಪೂ ನಮ್ಮದೇ ಆಗ್ಲಿ ಅಂದ ಅಪ್ಪ. ಆಮ್ಯಾಲ ಯಾವತ್ತೂ ನಾವು ರೋಡಿನ ಮ್ಯಾಲ ಭತ್ತ ಹಾಕಿಲ್ಲ."

ಹಾಗಾದರೆ ಹೀರಾಬಿಯ ದಿನ ಅವನು ಕಲ್ಲುಗಳನ್ನು ಹಾಗೆ ಎಸೆದದ್ದು... ಆಂಬುಲೆನ್ಸನ್ನು ಅನ್ನದ ಮೇಲೆ ಹತ್ತಿಸಿದ್ದು... ಕಲ್ಯಾಣಿಗೆ ಈಗ ಎಲ್ಲವೂ ತಿಳಿಯಿತು.

ತಾನು ಹಾಸ್ಟೆಲ್ಲಿನಲ್ಲಿದ್ದಾಗ, ತಾನಿರಬೇಕಾದ ಜಾಗದಲ್ಲಿ ಅವನಿದ್ದ. ತಮ್ಮನ ತಲೆ ಅವನ ತೊಡೆಯ ಮೇಲಿತ್ತು. ಅಂಥವನನ್ನೇ ತಾನು ಕೊಂದವನೆಂದು ಎಣಿಸಿದಳು.

"ಸರ್ಕಲ್ದಾಗ ನಾ ಅಷ್ಟು ಕೇಳಿದೆ. ಆವಾಗರ ಹೇಳಬಾರದಿತ್ತೇನು?"

"ಹೇಳಿದ್ರ ನೀ ನನ್ನ ನಂಬ್ತಿದ್ದಿ, ನಿಮ್ಮವ್ವನ್ನ ಕಳಕೊಂತಿದ್ದಿ." ಅವನು ನೆಲ ನೋಡಿದ. "ನಂಗ ಮನಿ ತುಂಬ ಮಂದಿ ಅದಾರ. ನಿಂಗ ಅಕಿ ಒಬ್ಬಾಕೇ."

ಕಲ್ಯಾಣಿ ಅಲ್ಲಿಯೇ ಡಾಂಬರಿನ ಮೇಲೆ ಅವ್ವನ ಪಕ್ಕ ಕೂತಳು. ಅವ್ವನ ಕಡೆ ನೋಡಲು ಮೊದಲು ಆಗಲಿಲ್ಲ. ಒಳಗೆ ಸಿಟ್ಟೂ ಇತ್ತು, ಸುಳ್ಳೇಕೆ ಹೇಳುವುದು. ಆಮೇಲೆ ಮಣ್ಣು ಮೆತ್ತಿದ ಆ ಕೈಗಳನ್ನು ನೋಡಿದಳು. ಗಾಡಿಯವರಿಗೆ ಕಾಣಲಿ ಎಂದು ಒಂದೊಂದು ಕಲ್ಲಿಗೂ ಸುಣ್ಣ ಬಳಿದ ಕೈಗಳು ಅವು.

"ನೀನೂ ಬಿಟ್ಟು ಹೋಗ್ತಿಯೇನು?" ಎಂದಳು ವೆಂಕಮ್ಮ.

"ಎಲ್ಲಿಗಿ ಹೋಗ್ಲಿ ಬೇ." ಕಲ್ಯಾಣಿ ಅವಳನ್ನು ಬಾಚಿ ಅಪ್ಪಿಕೊಂಡಳು. ತಾಯಿ ಮಗಳು ಇಬ್ಬರೂ ಆನಂದನಿಗಾಗಿ ಒಟ್ಟಿಗೆ ಅತ್ತದ್ದು ಅದೇ ಮೊದಲು. ಅಷ್ಟು ವರ್ಷ ಒಬ್ಬರಿಗೊಬ್ಬರು ಮುಖ ಮುಚ್ಚಿಕೊಂಡೇ ಅತ್ತಿದ್ದರು.

ಯಾರೂ ಹಾರ್ನು ಹೊಡೆಯಲಿಲ್ಲ. ಟಂಟಂನ ಹೆಣ್ಣಾಳುಗಳು ಇಳಿದು ಬಂದು, ಏನನ್ನೂ ಕೇಳದೆ, ಉಳಿದ ಕಲ್ಲುಗಳನ್ನು ತಗ್ಗಿಗೆ ಹಾಕತೊಡಗಿದರು. ವಿನೋದನೂ ಸೇರಿಕೊಂಡ. ಕೊನೆಗೆ ಒಂದೇ ಒಂದು ದೊಡ್ಡ ಕಲ್ಲು ಉಳಿಯಿತು. ಕಲ್ಯಾಣಿ ಎದ್ದು ಅದಕ್ಕೆ ಕೈ ಹಾಕಿದಳು. ಅಲುಗಲಿಲ್ಲ. ಆ ಕಡೆಯಿಂದ ಅಯ್ಯಪ್ಪ ಕೈ ಹಾಕಿದ. ಇಬ್ಬರೂ ಎತ್ತಿಕೊಂಡು ಹೋಗಿ ರಸ್ತೆಯಿಂದ ದೂರ ಇಟ್ಟು ಬಂದರು.

ಗಾಡಿಗಳು ಒಂದೊಂದಾಗಿ ಹೊರಟವು.

ಅಷ್ಟರಲ್ಲಿ ಹೊಲದ ಮನೆಯಿಂದ ಅಯ್ಯಪ್ಪನ ತಾಯಿ ಬಾಲಮ್ಮ ಹಿತ್ತಾಳೆ ತಂಬಿಗೆಯಲ್ಲಿ ನೀರು ತಂದಳು. ವೆಂಕಮ್ಮನಿಗೆ ಕುಡಿಸಿ, ಸೆರಗಿನಿಂದ ಅವಳ ಮುಖ ಒರೆಸಿದಳು. ಆಮೇಲೆ ಕಲ್ಯಾಣಿಯ ಮುಂದೆ ಬಂದು ಹಿಂಜರಿದು ನಿಂತಳು. ಅವತ್ತಿನ ಮಾತು ಆ ಮನೆಯಲ್ಲಿ ಯಾರೂ ಮರೆತಿರಲಿಲ್ಲ.

"ಕುಡೀತಿಯೇನವ್ವಾ?" ಎಂದಳು ಬಾಲಮ್ಮ. ದನಿಯಲ್ಲಿ ಅಂಜಿಕೆಯಿತ್ತು.

ಕಲ್ಯಾಣಿ ಎರಡೂ ಕೈಯಿಂದ ತಂಬಿಗೆ ತೆಗೆದುಕೊಂಡಳು. ಅರ್ಧ ಕುಡಿದಳು. ಉಳಿದರ್ಧವನ್ನು ಅಯ್ಯಪ್ಪನ ಕಡೆ ಚಾಚಿದಳು. ಬಾಲಮ್ಮ ಅತ್ತ ತಿರುಗಿ, ವೆಂಕಮ್ಮನ ಕೈ ಹಿಡಿದು ಮನೆಯ ಕಡೆ ನಡೆಸಿಕೊಂಡು ಹೊರಟಳು.

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ?" ಎಂದಳು ಕಲ್ಯಾಣಿ. ಬಿದ್ದುಹೋಗಿದ್ದ 'ರೀ' ವಾಪಸು ಬಂದಿತ್ತು.

"ಇತ್ತು. ಗಾಜು ಏರಿಸಿದಿಯಲ್ಲ, ಅದಕ್ಕ ಮಾತ್ರ."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಆ ಕಡೆ ವಿನೋದ ಗಾಡಿ ಚಾಲೂ ಮಾಡಿ ಕಾಯುತ್ತಿದ್ದ. ಡ್ಯೂಟಿ ಇನ್ನೂ ಮುಗಿದಿರಲಿಲ್ಲ.

"ನಾಳಿ ಮುಂಜಾನಿ ಫೋನ್ ಮಾಡ್ತೀರೇನು?"

"ರೋಡಿನ ಸುದ್ದಿ ಹೇಳಾಕಾ?"

"ಅದನ್ನೂ ಹೇಳ್ರಿ. ಆದ್ರ ಸುದ್ದಿ ಮುಗದ ಮ್ಯಾಲ ಇಡಬ್ಯಾಡ್ರಿ."

ಅಯ್ಯಪ್ಪ ತಂಬಿಗೆಯ ನೀರನ್ನು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು ಅವಳನ್ನೇ ನೋಡಿದ.

"ಇಡಂಗಿಲ್ಲ," ಎಂದ.